ಅಡಿಗೆ ಸಮಿತಿ ಉಡಿಗೆ ಸಮಿತಿ ಆದದ್ದು: ಹಳೆ ಕಂಪ್ಯೂಟರ್ ಮತ್ತು ವೇಗದ ಸೆಟ್ಟಿಂಗ್

ಹಳೆ ಕಂಪ್ಯೂಟರ್‌ಗಳನ್ನು ಇನ್ನೂ ಓಡಿಸುತ್ತಿರುವ ಗೆಳೆಯರ ಕೂಟದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಮೊಟಕು ಮಾಡಿದ್ದೇನೆ. ಅವತ್ತು ಮರೆತದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಪುಸ್ತಿಕೆ ಕೈಯಿಂದ ಕೈಗೆ ಒಂದು ಸುತ್ತು ಹೋಗಲಿ. ಒಂದು ಹಳ್ಳಿ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಇದು. 14ನೇ ಪುಟ ತೆಗೆಯಿರಿ. ಸಮಿತಿಗಳ ಪಟ್ಟಿ ಇದೆ. ಸ್ವಾಗತ ಸಮಿತಿ, ಪೆಂಡಾಲ್ ಸಮಿತಿ, ಮೆರವಣಿಗೆ ಸಮಿತಿ. ನಾಲ್ಕನೆಯದು ನೋಡಿ. ಉಡಿಗೆ ಸಮಿತಿ. ಅದರ ಕೆಳಗೆ ಹನ್ನೊಂದು ಜನರ ಹೆಸರು. ಆ ಹನ್ನೊಂದು ಜನ ಊರಿಗೆಲ್ಲ ಗೋಧಿ ಹುಗ್ಗಿ ಮಾಡಿ ಬಡಿಸಿದವರು. ಯಾರಿಗೂ ಬಟ್ಟೆ ಹೊಲಿದುಕೊಟ್ಟವರಲ್ಲ.

ಅದು ಅಡಿಗೆ ಸಮಿತಿ ಆಗಬೇಕಿತ್ತು. ಟೈಪ್ ಮಾಡಿದ ಹುಡುಗಿ ಸರಿಯಾಗಿಯೇ ಹೊಡೆದಿದ್ದಳು. ಪ್ರೂಫ್ ನೋಡಿದ ಮಾಸ್ತರು ಸರಿಯಾಗಿಯೇ ನೋಡಿದ್ದರು. ಅವರು ಕೆಂಪು ಪೆನ್ನಿನಲ್ಲಿ ತಿದ್ದಿದ ಹಾಳೆಯನ್ನು ಆಮೇಲೆ ನಾನೇ ನೋಡಿದೆ. ಅದರಲ್ಲಿ ಅಡಿಗೆ ಅಂತಲೇ ಇದೆ. ತಪ್ಪು ನನ್ನದು. ನಾನಂತೂ ಆ ಫೈಲನ್ನು ಒಂದು ಸಲವೂ ತೆರೆದಿರಲಿಲ್ಲ.

ಇದು 2003ರ ಮಾತು, ಗದಗದಲ್ಲಿ. ಗದಗ ಮುದ್ರಣಕ್ಕೆ ಹೆಸರಾದ ಊರು, ನಿಮಗೆ ಗೊತ್ತು. ಅಲ್ಲಿನ ಒಂದು ಸಣ್ಣ ಪ್ರೆಸ್ಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಡಿಟಿಪಿಗೆ ಮೂರು ವಿಂಡೋಸ್ ಕಂಪ್ಯೂಟರ್. ಮೂಲೆಯಲ್ಲಿ, ಕಾಗದದ ರೀಮುಗಳ ಪಕ್ಕ, ಒಂದು ಹಳೆ ಪೆಂಟಿಯಮ್ 166. ಅದರಲ್ಲಿ 64 ಎಂಬಿ ಮೆಮರಿ. ಅದಕ್ಕೆ ಲಿನಕ್ಸ್ ಹಾಕಿ, ವಿಂಡೋಸ್ ಕಂಪ್ಯೂಟರ್‌ಗಳ ಜತೆ ಫೈಲ್ ಹಂಚಿಕೊಳ್ಳುವ ಸಾಂಬಾ ಹಾಕಿ, ಎಲ್ಲರ ಫೈಲುಗಳೂ ಅಲ್ಲಿ ಬಂದು ಕೂರುವ ಹಾಗೆ ಮಾಡಿದ್ದೆ. ಅದೇ ನಮ್ಮ ಸರ್ವರ್. ಲಿನಕ್ಸ್ ಬಂದದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಸಿಗುತ್ತಿದ್ದ ಸಿಡಿಯಿಂದ. ನಮ್ಮ ಕಾಲದ ಎಷ್ಟೋ ಜನಕ್ಕೆ ಅದೇ ದಾರಿ. ಮನೆಯಲ್ಲಿ ಫೋನಿನ ಇಂಟರ್ನೆಟ್, ಇಡೀ ಲಿನಕ್ಸ್ ಇಳಿಸಿಕೊಳ್ಳೋದು ಕನಸಿನ ಮಾತು.

ಹುಡುಗರು ದೂರು ಹೇಳುತ್ತಿದ್ದರು. ಫೈಲ್ ತೆರೆಯೋದಕ್ಕೆ ತುಂಬ ಹೊತ್ತು ಹಿಡಿಯುತ್ತೆ ಅಂತ. ನಾನು ಎಚ್‌ಡಿಪಾರ್ಮ್ ಹಾಕಿ ಅಳೆದೆ. ಮಾರ್ಕ್ ಲಾರ್ಡ್ ಎಂಬವರು ಬರೆದ ಪುಟ್ಟ ಪ್ರೋಗ್ರಾಂ ಅದು. ಡಿಸ್ಕಿನ ವೇಗ ಅಳೆಯುತ್ತದೆ, ಡಿಸ್ಕಿನ ಸೆಟ್ಟಿಂಗ್‌ಗಳನ್ನು ಬದಲಿಸುತ್ತದೆ. ಸೆಕೆಂಡಿಗೆ 4 ಎಂಬಿ ಬಂತು. ಡಿಸ್ಕ್ ಅಷ್ಟು ನಿಧಾನದ್ದಲ್ಲ ಅಂತ ನನಗೆ ಗೊತ್ತಿತ್ತು. ಹಾಗಾದರೆ ಅಡ್ಡಿ ಎಲ್ಲಿ?

ಇಲ್ಲಿ ಸ್ವಲ್ಪ ಒಳಗೆ ಇಣುಕಬೇಕು. ಆ ಕಾಲದ ಡಿಸ್ಕುಗಳು ಮದರ್‌ಬೋರ್ಡಿಗೆ ಸೇರುತ್ತಿದ್ದದ್ದು ಐಡಿಇ ಎಂಬ ಪದ್ಧತಿಯಲ್ಲಿ. ಅಂಥ ಡಿಸ್ಕಿನಿಂದ ಮೆಮರಿಗೆ ಮಾಹಿತಿ ಬರಲು ಎರಡು ದಾರಿ. ಮೊದಲನೆಯದು ಪಿಐಒ. ಇದರಲ್ಲಿ ಪ್ರೊಸೆಸರ್ ತಾನೇ ಕೂಲಿಯಾಳು. ಒಂದು ಸಲಕ್ಕೆ ಎರಡು ಬೈಟ್ ಎತ್ತಿ ಮೆಮರಿಗೆ ಹಾಕುತ್ತದೆ. ಡಿಸ್ಕಿನ ಒಂದು ಸೆಕ್ಟರ್ ಅಂದರೆ 512 ಬೈಟ್. ಅಷ್ಟಕ್ಕೆ 256 ಸಲ ಬಗ್ಗಿ ಏಳಬೇಕು. ಎರಡನೆಯದು ಡಿಎಂಎ. ಇದರಲ್ಲಿ ಕಂಟ್ರೋಲರ್ ಚಿಪ್ಪೇ ಮಾಹಿತಿಯನ್ನು ನೇರವಾಗಿ ಮೆಮರಿಗೆ ಸುರಿಯುತ್ತದೆ. ಪ್ರೊಸೆಸರ್ ಅಷ್ಟು ಹೊತ್ತು ಬೇರೆ ಕೆಲಸ ನೋಡಿಕೊಳ್ಳಬಹುದು.

ಕಾಗದದ ಮೇಲಿನ ಲೆಕ್ಕ ಹೀಗಿದೆ. ಪಿಐಒ ಸೊನ್ನೆಯಿಂದ ನಾಲ್ಕರವರೆಗೆ ಐದು ಮೆಟ್ಟಿಲು, ಸೆಕೆಂಡಿಗೆ 3.3 ಎಂಬಿಯಿಂದ 16.6ರವರೆಗೆ. ಡಿಎಂಎಯ ಹಳೆ ಬಗೆಗೆ ಮಲ್ಟಿವರ್ಡ್ ಅಂತ ಹೆಸರು, ಅದರ ಮೇಲಿನ ಮೆಟ್ಟಿಲೂ 16.6. ಆಮೇಲೆ ಬಂದದ್ದು ಅಲ್ಟ್ರಾ ಡಿಎಂಎ. ಅದು 33, 66, 100, ಕೊನೆಗೆ 133ಕ್ಕೆ ಹೋಗಿ ನಿಂತಿತು. ಅಷ್ಟರಲ್ಲಿ ಐಡಿಇ ಜಾಗಕ್ಕೆ ಸಾಟಾ ಬಂತು.

ಸರಿ, ನನ್ನ ಸರ್ವರಿನ ಹಳೆ ಲಿನಕ್ಸ್ ಡಿಎಂಎ ಬಳಸುತ್ತಿರಲಿಲ್ಲ. ಕೇಳಿದರೆ ಮಾತ್ರ ಕೊಡುತ್ತಿತ್ತು. ಅದು ಸೋಮಾರಿತನ ಅಂತ ಆಗ ಅಂದುಕೊಂಡೆ. ಬರೆದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ ಅಂತ ತಲೆಗೆ ಹೊಳೆಯಲಿಲ್ಲ. ಎಚ್‌ಡಿಪಾರ್ಮ್‌ಗೆ ಮೈನಸ್ ಡಿ ಒಂದು (-d1) ಅಂತ ಆಯ್ಕೆ ಕೊಟ್ಟೆ, ಡಿಎಂಎ ಶುರುವಾಯಿತು. ಮೈನಸ್ ಎಕ್ಸ್ 34 ಕೊಟ್ಟೆ, ಅಂದರೆ ಮಲ್ಟಿವರ್ಡ್‌ನ ಮೇಲಿನ ಮೆಟ್ಟಿಲು. ಆ ಮದರ್‌ಬೋರ್ಡಿಗೆ ಅಲ್ಟ್ರಾ ಡಿಎಂಎ ಗೊತ್ತಿರಲಿಲ್ಲ, ಇಲ್ಲದಿದ್ದರೆ ಮೈನಸ್ ಎಕ್ಸ್ 66, ಅಂದರೆ ಅಲ್ಟ್ರಾ 33, ಕೊಡುತ್ತಿದ್ದೆ. ಜತೆಗೆ ಮೈನಸ್ ಯು ಒಂದು, ಮೈನಸ್ ಎಂ 16, ವೇಗ ಹೆಚ್ಚಿಸುವ ಆಯ್ಕೆ ಸಿಕ್ಕಿದ್ದೆಲ್ಲ. ಮತ್ತೆ ಅಳೆದೆ. 11 ಎಂಬಿ! ಒಂದು ಪೈಸೆ ಖರ್ಚಿಲ್ಲದೆ ಸುಮಾರು ಮೂರು ಪಟ್ಟು. ಆ ಸಾಲನ್ನು ಕಂಪ್ಯೂಟರ್ ಶುರುವಾದಾಗಲೆಲ್ಲ ಓಡುವ ಕಡತಕ್ಕೆ ಸೇರಿಸಿ, ಮಾಲೀಕರ ಹತ್ತಿರ ಚಹಾ ಕುಡಿದು, ಮನೆಗೆ ಬಂದೆ.

ಎಚ್‌ಡಿಪಾರ್ಮ್‌ನ ಕೈಪಿಡಿಯನ್ನು ನಾನು ಓದಿರಲಿಲ್ಲ ಅಂತಲ್ಲ. ಓದಿದ್ದೆ. ಮೈನಸ್ ಯು ಬಗ್ಗೆ, ಕೆಲವು ಡಿಸ್ಕ್ ಮತ್ತು ಕಂಟ್ರೋಲರ್ ಜೋಡಿಗಳು ಇದನ್ನು ತಾಳುವುದಿಲ್ಲ, ಇಡೀ ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆಯೇ, ಕೆಡಬಹುದು ಅಂತ ಅದರಲ್ಲಿದೆ. ಮೈನಸ್ ಎಂ ಬಗ್ಗೆಯೂ ಅದೇ ಧಾಟಿಯ ಮಾತಿದೆ. ಮೈನಸ್ ಎಕ್ಸ್ ಬಗ್ಗೆ ಇನ್ನೂ ಬಿಗಿಯಾದ ಮಾತಿದೆ. ಔಷಧಿ ಪೊಟ್ಟಣದೊಳಗಿನ ಚೀಟಿ ಓದುತ್ತೀವಲ್ಲ, ಹಾಗೆ ಓದಿದ್ದೆ.

ಅಳತೆಯ ಬಗ್ಗೆಯೂ ಒಂದು ಮಾತು. ಎಚ್‌ಡಿಪಾರ್ಮ್ ಎಷ್ಟು ಬೇಗ ಓದಿತು ಅಂತ ಮಾತ್ರ ಹೇಳುತ್ತದೆ. ಓದಿದ್ದು ಸರಿಯಾ ಅಂತ ನೋಡುವುದಿಲ್ಲ. ಅದರ ಕೆಲಸ ಅದಲ್ಲ. ನಾನು ಮಾತ್ರ 11 ಎಂಬ ಅಂಕಿಯನ್ನು ಪಾಸಾದ ಸರ್ಟಿಫಿಕೇಟ್ ಅಂತ ತಿಳಿದೆ.

ಈಗ ಈ ಕೇಬಲ್ ನೋಡಿ. ಆ ಸರ್ವರಿನದ್ದೇ. ಬೂದು ಬಣ್ಣದ ಪಟ್ಟಿ, ಒಂದು ಅಂಚಿಗೆ ಕೆಂಪು ಗೆರೆ, 40 ತಂತಿ. ಡಿಸ್ಕನ್ನು ಮೇಲಿನ ಗೂಡಿಗೆ ಹಾಕಿದ್ದೆ, ಮೊದಲಿದ್ದ ಕೇಬಲ್ ಮುಟ್ಟುತ್ತಿರಲಿಲ್ಲ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಉದ್ದದ್ದು ತಂದೆ. ಅಳೆಯಿರಿ ಬೇಕಾದರೆ, ಸರಿಯಾಗಿ ಎರಡಡಿ. ಐಡಿಇ ನಿಯಮದ ಪ್ರಕಾರ ಈ ಕೇಬಲ್ 18 ಇಂಚು, ಅಂದರೆ 46 ಸೆಂಟಿಮೀಟರ್ ದಾಟಬಾರದು. ಅಂಗಡಿಯವರು ಕೇಳಿದ್ದನ್ನು ಕೊಟ್ಟರು. ಕೇಳಿದ್ದು ನಾನು.

ಹಳೆ ಲ್ಯಾಂಡ್‌ಲೈನ್ ಫೋನ್ ನೆನಪಿದೆ ಅಲ್ವಾ? ಮಳೆಗಾಲದಲ್ಲಿ ಅತ್ತೆ ಮನೆಗೆ ಫೋನ್ ಮಾಡಿದರೆ ನಡುವೆ ಯಾರೋ ಮೆಣಸಿನಕಾಯಿ ರೇಟು ಕೇಳುತ್ತಿದ್ದರು. ಪಕ್ಕಪಕ್ಕದ ತಂತಿಗಳ ಸಹವಾಸ ಅದು. ಈ ಪಟ್ಟಿಯಲ್ಲೂ ಅದೇ. 16 ತಂತಿಗಳು ಮಾಹಿತಿ ಹೊರುತ್ತವೆ, ಒಂದಕ್ಕೊಂದು ಅಂಟಿಕೊಂಡೇ ಇವೆ. ಒಂದರಲ್ಲಿ ಸಿಗ್ನಲ್ ಏರಿದರೆ ಪಕ್ಕದ್ದರಲ್ಲೂ ಸಣ್ಣ ಅಲುಗಾಟ. ನಿಧಾನಕ್ಕೆ ಓಡುವಾಗ ಆ ಅಲುಗಾಟ ಅಡಗಲು ಸಮಯ ಸಿಗುತ್ತದೆ, ಆಮೇಲೆ ಓದುತ್ತೇವೆ. ವೇಗ ಹೆಚ್ಚಿಸಿದರೆ ಆ ಸಮಯವೇ ಕಡಿಮೆ. ಕೇಬಲ್ ಉದ್ದವಾದಷ್ಟೂ ಅಲುಗಾಟ ಜಾಸ್ತಿ. ನನ್ನ ಎರಡಡಿ ಕೇಬಲ್ ಮೊದಲ ದಿನದಿಂದಲೂ ಕೆಟ್ಟದ್ದೇ. ನಿಧಾನ ಇದ್ದದ್ದಕ್ಕೆ ಅದರ ಬಣ್ಣ ಬಯಲಾಗಿರಲಿಲ್ಲ.

ಆದರೆ ನಾನು ಹೇಳಬೇಕು ಅಂತ ಬಂದದ್ದು ಕೇಬಲ್ಲಿನ ವಿಷಯ ಅಲ್ಲ. ಎಪಿಎಂಸಿ ಯಾರ್ಡಿನಲ್ಲಿ ಲಾರಿಯಿಂದ ಮೂಟೆ ಇಳಿಸೋದು ನೋಡಿದ್ದೀರಿ. ಹಮಾಲರು ಓಡುತ್ತಾ ಇಳಿಸುತ್ತಾರೆ. ಲಾರಿಯ ಹತ್ತಿರ ಒಬ್ಬ ಗುಮಾಸ್ತ ಲೆಕ್ಕ ಬರೆಯುತ್ತಾನೆ, ಗೋಡೌನ್ ಬಾಗಿಲಲ್ಲಿ ಇನ್ನೊಬ್ಬ. ಕೊನೆಗೆ ಇಬ್ಬರ ಚೀಟಿ ಕೂಡಬೇಕು. ಕೂಡದಿದ್ದರೆ ಮತ್ತೆ ಎಣಿಕೆ. ಅಲ್ಟ್ರಾ ಡಿಎಂಎಯಲ್ಲಿ ಈ ಗುಮಾಸ್ತರಿದ್ದಾರೆ. ಸಿಆರ್‌ಸಿ ಅನ್ನುತ್ತಾರೆ. ಪ್ರತಿ ಕಂತು ಮುಗಿದಾಗ ಡಿಸ್ಕ್ ಮತ್ತು ಕಂಟ್ರೋಲರ್ ಎರಡೂ ತಮ್ಮ ತಮ್ಮ 16 ಬಿಟ್ಟಿನ ಲೆಕ್ಕ ಹೋಲಿಸುತ್ತವೆ. ತಾಳೆಯಾಗದಿದ್ದರೆ ದೋಷ ಅಂತ ಹೇಳಿ ಮತ್ತೆ ಕಳಿಸಿಕೊಳ್ಳುತ್ತವೆ.

ಪಿಐಒಗೆ ಗುಮಾಸ್ತ ಇಲ್ಲ. ಮಲ್ಟಿವರ್ಡ್ ಡಿಎಂಎಗೂ ಇಲ್ಲ. ನಾನು ಹಾಕಿದ್ದು ಅದನ್ನೇ.

ಇದು ಎಷ್ಟು ತಲೆಕೆಳಗಾದ ವಿಷಯ ನೋಡಿ. ಅಲ್ಟ್ರಾ 33 ಮಲ್ಟಿವರ್ಡ್‌ಗಿಂತ ಎರಡು ಪಟ್ಟು ವೇಗ, ಆದರೂ ಅದೇ 40 ತಂತಿಯ ಕೇಬಲ್ಲಿನಲ್ಲಿ ಅದೇ ಹೆಚ್ಚು ಸುರಕ್ಷಿತ. ಎರಡರದ್ದೂ ಸುತ್ತು 120 ನ್ಯಾನೊಸೆಕೆಂಡಿನದ್ದು. ಅಲ್ಟ್ರಾ ಆ ಸುತ್ತಿನಲ್ಲಿ ಎರಡು ಸಲ ಮಾಹಿತಿ ಕಳಿಸುತ್ತದೆ, ಮೇಲೆ ಲೆಕ್ಕವನ್ನೂ ಇಡುತ್ತದೆ. ಹಾಗಾಗಿ ವೇಗ ಎಷ್ಟು ಅನ್ನೋದಕ್ಕಿಂತ ಎಣಿಸುವವರು ಯಾರಾದರೂ ಇದ್ದಾರಾ ಅನ್ನೋದೇ ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಪ್ರೆಸ್ಸಿನ ಮಾಲೀಕರ ಫೋನ್ ಬಂತು. "ಏನ್ ತಮ್ಮಾ, ಅಡಿಗಿ ಸಮಿತಿಯವರಿಗೆಲ್ಲ ಅರಿಬಿ ಉಡಿಸಿಬಿಟ್ಟಿಯಲ್ಲೋ!" ಟೈಪಿಂಗ್ ತಪ್ಪಿರಬೇಕು ಕಾಕಾ ಅಂದೆ. ನಾಲ್ಕು ದಿನ ಬಿಟ್ಟು ಒಂದು ಫೋಟೋದ ಅರ್ಧ ಭಾಗ ಹಸಿರಾಯಿತು. ಇನ್ನೊಂದು ದಿನ ಜಿಪ್ ಫೈಲೊಂದು ಬಿಚ್ಚಲೇ ಇಲ್ಲ. ಮರುದಿನ ಅದೇ ಫೈಲ್ ಬಿಚ್ಚಿಕೊಂಡಿತು! ಅವತ್ತು ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಕೆಟ್ಟ ಫೈಲ್ ತಾನಾಗಿ ರಿಪೇರಿ ಆಗಲ್ಲ.

ರಾತ್ರಿ ಎಲ್ಲರೂ ಹೋದ ಮೇಲೆ ಸರ್ವರಿನ ಮುಂದೆ ಕೂತೆ. ಎಂಡಿ5ಸಮ್ ಅಂತ ಒಂದು ಕಮಾಂಡ್ ಇದೆ. ಫೈಲನ್ನು ಪೂರ್ತಿ ಓದಿ 32 ಅಕ್ಷರದ ಒಂದು ಗುರುತು ಕೊಡುತ್ತದೆ. ಒಂದು ಬಿಟ್ ಬದಲಾದರೂ ಗುರುತು ಬೇರೆಯಾಗುತ್ತದೆ. ಒಂದು ಸಣ್ಣ ಫೈಲಿನ ಮೇಲೆ ಹಾಕಿದೆ, ಮತ್ತೆ ಹಾಕಿದೆ, ಒಂದೇ ಉತ್ತರ. ನೆಮ್ಮದಿ ಆಯಿತು. ಅದು ಸುಳ್ಳು ನೆಮ್ಮದಿ. ಸಣ್ಣ ಫೈಲನ್ನು ಲಿನಕ್ಸ್ ಒಮ್ಮೆ ಓದಿ ಮೆಮರಿಯಲ್ಲೇ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಡಿಸ್ಕಿನ ಹತ್ತಿರವೇ ಹೋಗುವುದಿಲ್ಲ. ಇದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಆಮೇಲೆ 300 ಎಂಬಿಯ ಒಂದು ಬ್ಯಾಕಪ್ ಫೈಲ್ ಹಿಡಿದೆ. 64 ಎಂಬಿ ಮೆಮರಿಯಲ್ಲಿ ಅದು ಹಿಡಿಸುವುದಿಲ್ಲ, ಪ್ರತಿ ಸಲ ಡಿಸ್ಕಿನಿಂದಲೇ ಬರಬೇಕು. ಮೊದಲ ಸಲ ಒಂದು ಗುರುತು. ಎರಡನೇ ಸಲ ಬೇರೆ. ಮೂರನೇ ಸಲ ಮತ್ತೆ ಮೊದಲಿನದ್ದು. ನಾಲ್ಕನೇ ಸಲ ಇನ್ನೊಂದು. ಯಾರೂ ಮುಟ್ಟದ ಫೈಲ್, ನಾಲ್ಕು ಓದಿಗೆ ಮೂರು ಉತ್ತರ. ಪರದೆಯ ಮೇಲೆ ಒಂದೇ ಒಂದು ದೋಷದ ಸಾಲಿಲ್ಲ. ಲಾಗ್ ಕಡತ ಅಚ್ಚುಕಟ್ಟಾಗಿ ಖಾಲಿ ಇತ್ತು.

ಮೆಮರಿ ಕೆಟ್ಟಿದ್ದರೂ ಹೀಗೇ ಆಗುತ್ತದೆ. ಅದಕ್ಕೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ಮೆಮರಿ ಸರಿಯಿತ್ತು. ಬೆಳಗ್ಗೆ ಡಿಎಂಎ ತೆಗೆದು ಹತ್ತು ಸಲ ಗುರುತು ಹಾಕಿದೆ. ಹತ್ತೂ ಒಂದೇ. ಕೇಬಲ್ ಬದಲಿಸಿ, ಡಿಸ್ಕನ್ನು ಕೆಳಗಿನ ಗೂಡಿಗೆ ಇಳಿಸಿ, ಡಿಎಂಎ ಮತ್ತೆ ಹಾಕಿದೆ. ಆಗಲೂ ಹತ್ತೂ ಒಂದೇ. ಆದರೂ ತೆಗೆದೇಬಿಟ್ಟೆ. ಧೈರ್ಯ ಹೋಗಿತ್ತು.

ಇನ್ನು ಆ ಅಕ್ಷರ. ಆಗಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಈಗಿನ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ ಕಾಣುತ್ತಿದ್ದದ್ದು ಅದಕ್ಕೇ. ಅದರಲ್ಲಿ ಅ ಅಕ್ಷರ ಕೂತಿರುವುದು ದೊಡ್ಡ ಸಿ ಜಾಗದಲ್ಲಿ. ಉ ಅಕ್ಷರ ದೊಡ್ಡ ಜಿ ಜಾಗದಲ್ಲಿ. ಕಂಪ್ಯೂಟರಿನ ಸೊನ್ನೆ-ಒಂದುಗಳ ಲೆಕ್ಕದಲ್ಲಿ ಸಿ ಅಂದರೆ 01000011. ಜಿ ಅಂದರೆ 01000111. ಬಲಗಡೆಯಿಂದ ಮೂರನೆಯ ಅಂಕಿ ನೋಡಿ. ಒಂದೇ ಒಂದು ಸೊನ್ನೆ ಒಂದಾಗಿದೆ. 16 ತಂತಿಗಳಲ್ಲಿ ಒಂದು, ಒಂದೇ ಒಂದು ಸಲ, ಪಕ್ಕದವರ ಮಾತು ಕೇಳಿಸಿಕೊಂಡಿತು. ಅಡಿಗೆ ಉಡಿಗೆಯಾಯಿತು. ಇದನ್ನು ಸಾಬೀತು ಮಾಡಲು ನನ್ನಿಂದಾಗಲ್ಲ, ಆದರೆ ಲೆಕ್ಕ ಹಾಗೇ ಕೂಡುತ್ತದೆ. ದುರದೃಷ್ಟ ಅಂದರೆ ಹುಟ್ಟಿದ ಪದವೂ ಒಳ್ಳೆಯ ಕನ್ನಡವೇ. ಅರ್ಥವಿಲ್ಲದ ಪದ ಬಂದಿದ್ದರೆ ಅಚ್ಚಿಗೆ ಹೋಗುವ ಮುಂಚೆ ಯಾರಾದರೂ ಹಿಡಿಯುತ್ತಿದ್ದರು.

ಪ್ರೂಫ್ ಆದ ಮೇಲೆ ಹೇಗೆ ಬದಲಾಯಿತು ಅಂತ ಕೇಳಬಹುದು. ಓದುವಾಗಿನ ತಪ್ಪು ಡಿಸ್ಕನ್ನು ಮುಟ್ಟುವುದಿಲ್ಲ. ಡಿಸ್ಕಿನಲ್ಲಿ ಅಡಿಗೆ ಸರಿಯಾಗೇ ಇರುತ್ತದೆ, ಮೆಮರಿಗೆ ಬಂದದ್ದು ಮಾತ್ರ ತಪ್ಪು. ಮುಚ್ಚಿ ತೆರೆದರೆ ಸರಿಹೋಗುತ್ತದೆ. ಆದರೆ ಅವತ್ತು ಒಬ್ಬ ದಾನಿಯ ಹೆಸರು ಸೇರಿಸಲು ಫೈಲ್ ತೆರೆದು, ಸೇರಿಸಿ, ಸೇವ್ ಮಾಡಿದರು. ಎಲ್ಲೋ ಒಂದು ಕಡೆ ತಪ್ಪಿ ಬಂದದ್ದು ಆಗ ಕಾಯಂ ಆಯಿತು.

ಇದರಲ್ಲೇ ಇನ್ನೂ ಕೆಟ್ಟದ್ದೊಂದಿದೆ, ಅದರಿಂದ ನಾನು ಕೂದಲೆಳೆಯಲ್ಲಿ ಪಾರಾದೆ. ಫೈಲ್‌ಸಿಸ್ಟಮ್ ಮೇಲೆ ಅನುಮಾನ ಬಂದರೆ ಎಲ್ಲರೂ ಮೊದಲು ಮಾಡುವುದು ಎಫ್ಎಸ್‌ಸಿಕೆ. ವಿಂಡೋಸ್‌ನಲ್ಲಾದರೆ ಸ್ಕ್ಯಾನ್‌ಡಿಸ್ಕ್ ಅಥವಾ ಚೆಕ್‌ಡಿಸ್ಕ್. ಅದು ಡಿಸ್ಕನ್ನು ಓದಿ, ಎಲ್ಲಿ ತಪ್ಪು ಕಂಡರೆ ಅಲ್ಲಿ ತಿದ್ದಿ ಬರೆಯುತ್ತದೆ. ಓದುವ ದಾರಿಯೇ ಸುಳ್ಳು ಹೇಳುತ್ತಿದ್ದರೆ? ಸರಿಯಿದ್ದದ್ದನ್ನು ತಪ್ಪು ಅಂತ ನೋಡಿ, ಸರಿಯಿದ್ದದ್ದನ್ನೇ ತಿದ್ದುತ್ತದೆ. ಡಿಸ್ಕಿನ ಮೇಲೆ ಅನುಮಾನ ಬಂದರೆ ಮೊದಲು ವೇಗ ಇಳಿಸಿ. ರಿಪೇರಿ ಪ್ರೋಗ್ರಾಂ ಆಮೇಲೆ.

ನನ್ನದು ಕೇಬಲ್ಲಿನ ತಪ್ಪು. ಚಿಪ್ಪುಗಳೇ ತಪ್ಪಿದ ಕಥೆಗಳೂ ಇವೆ, ಅವು ಜಗತ್ತಿಗೇ ಗೊತ್ತು. 486 ಮತ್ತು ಮೊದಲ ಪೆಂಟಿಯಮ್ ಕಾಲದ ಮದರ್‌ಬೋರ್ಡುಗಳಲ್ಲಿ ಆರ್‌ಜಡ್1000 ಮತ್ತು ಸಿಎಂಡಿ640 ಅಂತ ಎರಡು ಐಡಿಇ ಚಿಪ್ಪುಗಳು ತುಂಬ ಕಡೆ ಇದ್ದವು. ಎರಡರಲ್ಲೂ ವಿನ್ಯಾಸದ ದೋಷ. ಆರ್‌ಜಡ್1000ಗೆ, ಮುಂದೆ ಬೇಕಾಗಬಹುದಾದ್ದನ್ನು ಮೊದಲೇ ಓದಿಟ್ಟುಕೊಳ್ಳುವ ಅಭ್ಯಾಸ. ವೇಗಕ್ಕಾಗಿ ಕಲಿಸಿದ್ದೇ ಅದು, ಮಾಹಿತಿ ಕೆಡುತ್ತಿದ್ದದ್ದೂ ಅದರಿಂದಲೇ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೊಂದು ಆಯ್ಕೆ ಇತ್ತು. ಆ ಅಭ್ಯಾಸವನ್ನು ನಿಲ್ಲಿಸುತ್ತಿತ್ತು. ಇದರಿಂದ ವೇಗ ಶೇಕಡ ಕೆಲವಷ್ಟು ಇಳಿಯಬಹುದು, ಆದರೆ ಕೆಲಸ ಪೂರ್ತಿ ನಂಬಿಕೆಯದ್ದಾಗುತ್ತದೆ ಅಂತ ಅದರ ಸಹಾಯ ಪಠ್ಯದಲ್ಲೇ ಬರೆದಿದ್ದರು.

2001ರದ್ದು ಇನ್ನೂ ದೊಡ್ಡ ಗಲಾಟೆ. ವಯಾ ಕಂಪನಿಯ 686ಬಿ ಸೌತ್‌ಬ್ರಿಡ್ಜ್, ಅಂದರೆ ಮದರ್‌ಬೋರ್ಡಿನಲ್ಲಿ ಡಿಸ್ಕುಗಳನ್ನೂ ನೋಡಿಕೊಳ್ಳುವ ಚಿಪ್ಪು. ಒಂದು ಐಡಿಇ ಚಾನೆಲಿನ, ಅಂದರೆ ಒಂದು ಕೇಬಲ್ಲಿನ, ಡಿಸ್ಕಿನಿಂದ ಇನ್ನೊಂದು ಚಾನೆಲಿನ ಡಿಸ್ಕಿಗೆ ದೊಡ್ಡ ಫೈಲ್ ನಕಲು ಮಾಡಿದರೆ, ಅದರಲ್ಲೂ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು ಜತೆಗಿದ್ದರೆ, ನಕಲು ಕೆಡುತ್ತಿತ್ತು. ಬಯಾಸ್ ಅಪ್‌ಡೇಟುಗಳು ಬಂದವು, ವಿಂಡೋಸ್‌ಗೆ ಪ್ಯಾಚ್ ಬಂತು. ಲಿನಕ್ಸ್ ತನ್ನೊಳಗೇ ಪರಿಹಾರ ಸೇರಿಸಿಕೊಂಡಿತು. ಇದು ಅಲ್ಟ್ರಾ ಡಿಎಂಎ ಕಾಲದ್ದು, ಗುಮಾಸ್ತರಿದ್ದರು. ಆದರೆ ಅವರು ನಿಂತಿರುವುದು ಕೇಬಲ್ಲಿನ ಎರಡು ತುದಿಯಲ್ಲಿ. ಮೂಟೆ ಕೆಟ್ಟದ್ದು ಗೋಡೌನಿನ ಒಳಗೆ, ಪಿಸಿಐ ಬಸ್ಸಿನ ಕಡೆ, ಅಂದರೆ ಮದರ್‌ಬೋರ್ಡಿನೊಳಗೆ ಚಿಪ್ಪು, ಕಾರ್ಡುಗಳ ನಡುವೆ ಮಾಹಿತಿ ಓಡಾಡುವ ದಾರಿಯಲ್ಲಿ. ಬಾಗಿಲಲ್ಲಿ ನಿಂತವನಿಗೆ ಅದು ಹೇಗೆ ಗೊತ್ತಾಗಬೇಕು?

ಡಿಸ್ಕನ್ನು ಮುಟ್ಟದೆಯೇ ಡಿಸ್ಕಿನ ವೇಗ ಹೆಚ್ಚಿಸಿಕೊಂಡವರೂ ಇದ್ದರು. ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿಗಿಂತ ಜೋರಾಗಿ ಓಡಿಸಲು, ಅದರ ಬಸ್ಸಿನ ಗಡಿಯಾರವನ್ನು 66 ಮೆಗಾಹರ್ಟ್ಸ್‌ನಿಂದ 75ಕ್ಕೋ 83ಕ್ಕೋ ಏರಿಸುತ್ತಿದ್ದರು. ಪಿಸಿಐ ಗಡಿಯಾರ ಅದರ ಅರ್ಧ. 33 ಇರಬೇಕಾದದ್ದು 37.5, ಇಲ್ಲವೇ 41.5 ಮೆಗಾಹರ್ಟ್ಸ್ ಆಗುತ್ತಿತ್ತು. ಐಡಿಇಯ ಸಮಯದ ಲೆಕ್ಕವೆಲ್ಲ ಆ ಗಡಿಯಾರದ ಮೇಲೇ. ಗೇಮ್ ಚೆನ್ನಾಗಿ ಓಡುತ್ತಿತ್ತು, ವಿಂಡೋಸ್ ಮಾತ್ರ ಆಗಾಗ ಹೊಸದಾಗಿ ಹಾಕಬೇಕಾಗುತ್ತಿತ್ತು.

ಒಂದು ತಮಾಷೆ ಇದೆ, ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಹಳೆ ಲಿನಕ್ಸ್ ಶುರುವಾಗುವಾಗ, ಪಿಐಒ ಲೆಕ್ಕಕ್ಕೆ 33 ಮೆಗಾಹರ್ಟ್ಸ್ ಬಸ್ ಅಂತ ಭಾವಿಸಿದ್ದೇನೆ, ಬೇರೆಯಿದ್ದರೆ ಐಡಿಇಬಸ್ ಅಂತ ಕೊಟ್ಟು ಹೇಳು ಅಂತ ಒಂದು ಸಾಲು ತೋರಿಸುತ್ತಿತ್ತು. ಅದನ್ನು ನೋಡಿ ಎಷ್ಟೋ ಜನ 66 ಅಂತ ಕೊಟ್ಟರು, ವೇಗ ದುಪ್ಪಟ್ಟಾಗುತ್ತದೆ ಅಂತ. ಅದು ವೇಗದ ಗುಂಡಿ ಅಲ್ಲ, ನಿನ್ನ ಗಡಿಯಾರ ಎಷ್ಟು ಅಂತ ಕೇಳುವ ಪ್ರಶ್ನೆ. ಗಡಿಯಾರ ಎರಡು ಪಟ್ಟು ಬೇಗ ಓಡುತ್ತಿದೆ ಅಂತ ಸುಳ್ಳು ಹೇಳಿದರೆ, ಡ್ರೈವರ್ ಎರಡು ಪಟ್ಟು ಎಣಿಸಿ ಕಾಯುತ್ತದೆ. ಅಂದರೆ ನಿಧಾನ ಆಗುತ್ತದೆ. ನಾನೂ ಕೊಟ್ಟಿದ್ದೆ. ಕೊಟ್ಟ ಮೇಲೆ ಫಾಸ್ಟ್ ಆದ ಹಾಗೇ ಅನಿಸಿತ್ತು!

ಅಲ್ಟ್ರಾ 66ರಿಂದ ಮೇಲೆ 80 ತಂತಿಯ ಕೇಬಲ್ ಬಂತು. ಪಿನ್ನು ನಲವತ್ತೇ. ಹೆಚ್ಚಿನ 40 ತಂತಿಗಳು ಬರೀ ಅರ್ತಿಂಗ್. ಒಂದೊಂದು ಸಿಗ್ನಲ್ ತಂತಿಯ ನಡುವೆ ಒಂದೊಂದು ಗೋಡೆ ಅಂದುಕೊಳ್ಳಿ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್, ಅಂದರೆ ಮೊದಲ ಡಿಸ್ಕಿಗೆ, ನಡುವಿನ ಬೂದು ಸ್ಲೇವ್, ಅಂದರೆ ಎರಡನೇ ಡಿಸ್ಕಿಗೆ. ಯಾವ ಕೇಬಲ್ ಹಾಕಿದ್ದೀರಿ ಅಂತ 34ನೇ ಪಿನ್ ನೋಡಿ ಕಂಪ್ಯೂಟರ್ ತಾನೇ ಪತ್ತೆ ಮಾಡುತ್ತದೆ. 40 ತಂತಿಯದ್ದಾದರೆ 33ರ ಮೇಲೆ ಹೋಗುವುದಿಲ್ಲ. ಲಿನಕ್ಸ್‌ನಲ್ಲಿ ಈ ಕಾವಲನ್ನೂ ತಪ್ಪಿಸಲು ಒಂದು ಆಯ್ಕೆ ಇತ್ತು. ಕೇಬಲ್ 80 ತಂತಿಯದ್ದೇ ಅಂದುಕೋ ಅಂತ ಹೇಳಬಹುದಿತ್ತು. ಕೆಲವು ಬೋರ್ಡುಗಳು ಸರಿಯಾದ ಕೇಬಲ್ಲನ್ನೂ ಗುರುತಿಸುತ್ತಿರಲಿಲ್ಲ, ಅದಕ್ಕಾಗಿ ಇದ್ದದ್ದು. ಬಳಸಿದವರಲ್ಲಿ ಎಷ್ಟು ಜನ ಪೆಟ್ಟಿಗೆ ತೆಗೆದು ತಂತಿ ಎಣಿಸಿದರೋ.

ಹಾಗೆ ಒತ್ತಾಯ ಮಾಡಿದರೆ ಲಾಗ್‌ನಲ್ಲಿ ಬ್ಯಾಡ್‌ಸಿಆರ್‌ಸಿ ಅಂತ ಸಾಲುಗಳು ಸುರಿಯಲು ಶುರು. ನೋಡಿದರೆ ಹೆದರಿಕೆಯಾಗುತ್ತದೆ. ನನಗೆ ಮಾತ್ರ ಆ ಸಾಲು ಕಂಡರೆ ಪ್ರೀತಿ. ಗುಮಾಸ್ತ ಎದ್ದಿದ್ದಾನೆ ಅಂತ ಅರ್ಥ. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. 16 ಬಿಟ್ಟಿನ ಲೆಕ್ಕ ಅಂದರೆ, ಅಡ್ಡಾದಿಡ್ಡಿ ಕೆಟ್ಟ ಕಂತುಗಳಲ್ಲಿ ಸುಮಾರು 65,536ಕ್ಕೆ ಒಂದು ಸರಿ ಅಂತಲೇ ದಾಟಿಹೋಗಬಹುದು. ಅಪರೂಪಕ್ಕೊಂದು ತಪ್ಪಾದರೆ ಚಿಂತೆಯಿಲ್ಲ. ಸೆಕೆಂಡಿಗೆ ಹತ್ತು ಬರುತ್ತಿದ್ದರೆ ಎರಡು ಗಂಟೆಯೊಳಗೆ ಒಂದು ತಪ್ಪಿಸಿಕೊಳ್ಳುತ್ತದೆ.

ವಿಂಡೋಸ್ ಎಕ್ಸ್‌ಪಿ ಇದಕ್ಕೆ ತನ್ನದೇ ದಾರಿ ಹಿಡಿಯಿತು. ಇಂಥ ತಪ್ಪುಗಳು ಆರು ದಾಟಿದರೆ ಮೆಟ್ಟಿಲು ಇಳಿಯುತ್ತಾ ಕೊನೆಗೆ ಪಿಐಒಗೆ ಬಂದು ಕೂರುತ್ತಿತ್ತು. ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಎತ್ತಿನ ಗಾಡಿ. ಆಗ ಎಲ್ಲರೂ ಹೇಳಿಕೊಡುತ್ತಿದ್ದ ಮದ್ದು: ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ ಅಳಿಸು, ರೀಸ್ಟಾರ್ಟ್ ಮಾಡು, ಡಿಎಂಎ ವಾಪಸ್. ಇದು ಹಾರಿದ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ. ವಿಂಡೋಸ್‌ನ ಲೆಕ್ಕವೂ ಸ್ವಲ್ಪ ಜಿಪುಣತನದ್ದು, ಒಪ್ಪುತ್ತೇನೆ. ಸವೆದ ಸಿಡಿ ಓದುವಾಗ ತಡವರಿಸಿದರೂ ಇಳಿಸಿಬಿಡುತ್ತಿತ್ತು. ಆದರೂ ಅಳಿಸುವ ಮುಂಚೆ ಒಮ್ಮೆ ಕೇಬಲ್ ನೋಡಬಹುದಿತ್ತು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲು ಸಾಮಾನ್ಯವಾಗಿ ಈ ಸಿಆರ್‌ಸಿ ತಪ್ಪುಗಳ ಎಣಿಕೆ. ಅದು ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕ್ ನಿರಪರಾಧಿ, ಕೇಬಲ್ ಅಪರಾಧಿ. ಇದು ಗೊತ್ತಿಲ್ಲದೆ ಒಳ್ಳೆ ಡಿಸ್ಕನ್ನು ಗುಜರಿಗೆ ಹಾಕಿದವರು ಎಷ್ಟೋ ಜನ.

ವೇಗದ ಇನ್ನೊಂದು ಸೆಟ್ಟಿಂಗ್ ರೈಟ್ ಕ್ಯಾಶ್, ಅದರ ಬಗ್ಗೆ ಎರಡೇ ಮಾತು. ಬರೆದಾಯ್ತು ಅಂತ ಡಿಸ್ಕ್ ಹೇಳುತ್ತದೆ, ಆದರೆ ಅದು ಇನ್ನೂ ಡಿಸ್ಕಿನ ಸ್ವಂತ ಮೆಮರಿಯಲ್ಲೇ ಇರುತ್ತದೆ. ಕರೆಂಟ್ ಹೋದರೆ ಹೋಯಿತು. ವಿಂಡೋಸ್‌ನಲ್ಲಿ ಕ್ಯಾಶ್ ಖಾಲಿ ಮಾಡಿಸುವುದನ್ನೇ ನಿಲ್ಲಿಸುವ ಒಂದು ಟಿಕ್ ಕೂಡ ಇದೆ. ಬೇರೆ ವಿದ್ಯುತ್ ವ್ಯವಸ್ಥೆ ಇಲ್ಲದಿದ್ದರೆ ಹಾಕಬೇಡಿ ಅಂತ ಪಕ್ಕದಲ್ಲೇ ಬರೆದಿದೆ. ನಮ್ಮ ಕಡೆ ಲೋಡ್ ಶೆಡ್ಡಿಂಗ್ ಕಂಡವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಈಗಿನ ಲಿನಕ್ಸ್‌ನಲ್ಲಿ ಆ ಹಳೆ ಐಡಿಇ ಡ್ರೈವರ್‌ಗಳೇ ಇಲ್ಲ. 2021ರಲ್ಲಿ 5.14 ಆವೃತ್ತಿಯಿಂದ ತೆಗೆದುಹಾಕಿದರು. ಈಗಿನ ಡ್ರೈವರ್ ಡಿಎಂಎಯನ್ನು ತಾನೇ ಆರಿಸಿಕೊಳ್ಳುತ್ತದೆ, ಮೈನಸ್ ಡಿ ಕೊಟ್ಟರೆ ಒಪ್ಪುವುದಿಲ್ಲ. ಆದರೆ ನಿಮ್ಮಲ್ಲಿ ಸುಮಾರು ಜನ ಹಳೆ ಡಿಸ್ಕಿನ ಬದಲು ಕಾಂಪ್ಯಾಕ್ಟ್ ಫ್ಲಾಶ್ ಎಂಬ ಮೆಮರಿ ಕಾರ್ಡ್ ಹಾಕುತ್ತಿದ್ದೀರಿ, ಅಗ್ಗದ ಅಡಾಪ್ಟರ್ ಜತೆ. ಅಂಥ ಕೆಲವು ಅಡಾಪ್ಟರ್‌ಗಳಲ್ಲಿ ಡಿಎಂಎಗೆ ಬೇಕಾದ ಎರಡು ತಂತಿಗಳನ್ನು ಎಳೆದೇ ಇರುವುದಿಲ್ಲ. ಕಾರ್ಡ್ ನನಗೆ ಡಿಎಂಎ ಬರುತ್ತೆ ಅನ್ನುತ್ತದೆ, ಕಂಟ್ರೋಲರ್ ಬಾ ಅನ್ನುತ್ತದೆ, ನಡುವೆ ದಾರಿಯೇ ಇಲ್ಲ. ಕಂಪ್ಯೂಟರ್ ಶುರುವಾಗುವಾಗ ನಿಮಿಷಗಟ್ಟಲೆ ಸುಮ್ನೆ ನಿಂತರೆ ಮೊದಲು ಅಡಾಪ್ಟರ್ ತಿರುಗಿಸಿ ನೋಡಿ.

ಕೊನೆಗೆ ಎರಡು ಪ್ರಶ್ನೆಗಳು ಬಂದವು.

ಒಬ್ಬ ವಿದ್ಯಾರ್ಥಿ ಕೇಳಿದರು: "ಸರ್, ಹಳೆ ಲ್ಯಾಪ್‌ಟಾಪಿನಲ್ಲಿ 80 ತಂತಿಯ ಕೇಬಲ್ ಇಲ್ಲ. ಆದರೂ ಅಲ್ಟ್ರಾ 100 ತೋರಿಸುತ್ತೆ. ಇದು ಅಪಾಯನಾ?" ಅಲ್ಲ. ಅಲ್ಲಿ ಡಿಸ್ಕು ಬೋರ್ಡಿಗೆ ನೇರವಾಗಿ, ಇಲ್ಲವೇ ಬೆರಳುದ್ದದ ದಾರಿಯಲ್ಲಿ ಸೇರಿರುತ್ತದೆ. ಅಕ್ಕಪಕ್ಕದವರ ಮಾತು ಕೇಳಿಸಿಕೊಳ್ಳುವಷ್ಟು ಉದ್ದವೇ ಇಲ್ಲ. ಲಿನಕ್ಸ್ ಇದನ್ನು 40 ತಂತಿಯ ಗಿಡ್ಡ ಕೇಬಲ್ ಅಂತ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಅಂಥ ಲ್ಯಾಪ್‌ಟಾಪ್‌ಗಳ ಪಟ್ಟಿಯೇ ಅದರೊಳಗಿದೆ.

ಹಿಂದಿನ ಸಾಲಿನಿಂದ ಒಬ್ಬರು ರಾಸ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಎತ್ತಿ ತೋರಿಸಿದರು. ಅದಕ್ಕೊಂದು ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ಈಗಿನ ಕಾಲದ ವೇಗದ ಡಿಸ್ಕ್, ಸೇರಿಸಿದ್ದರು. "ಒಂದು ಸಾಲು ಸೇರಿಸಿ ಜೆನ್ 3 ಮಾಡಿಕೊಂಡಿದ್ದೇನೆ. ಸುಮಾರು ಎರಡು ಪಟ್ಟು ವೇಗ. ನಿಮ್ಮ ಕಥೆ ಕೇಳಿ ಭಯ ಆಯ್ತು." ಆ ಎಸ್‌ಎಸ್‌ಡಿ ಸೇರುವುದು ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಗೆ, ಜೆನ್ ಅಂದರೆ ಆ ದಾರಿಯ ವೇಗದ ಪೀಳಿಗೆ. ಆ ಬೋರ್ಡಿನಲ್ಲಿ ಅದಕ್ಕೆ ಪ್ರಮಾಣಪತ್ರ ಇರುವುದು ಜೆನ್ 2ಕ್ಕೆ ಮಾತ್ರ. ಜೆನ್ 3 ಮಾಡಿದರೆ ಸ್ಥಿರವಾಗಿರದೇ ಹೋಗಬಹುದು ಅಂತ ತಯಾರಕರೇ ಬರೆದಿದ್ದಾರೆ. ನನ್ನ ಪರಿಸ್ಥಿತಿಗೂ ನಿಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಪೊಟ್ಟಣಕ್ಕೂ ಸಿಆರ್‌ಸಿ ಇದೆ, ತಪ್ಪಿದರೆ ತಾನಾಗಿಯೇ ಮತ್ತೆ ಕಳಿಸುತ್ತದೆ. ಪಟ್ಟಿ ಕೇಬಲ್ ಸಡಿಲವಾಗಿದ್ದರೆ ಮೊದಲು ವೇಗ ಇಳಿಯುತ್ತದೆ, ಇಲ್ಲವೇ ಡಿಸ್ಕ್ ಕಾಣೆಯಾಗುತ್ತದೆ. ಸದ್ದಿಲ್ಲದೆ ಅಡಿಗೆ ಉಡಿಗೆ ಆಗೋದು ಕಷ್ಟ. ಒಂದು ದೊಡ್ಡ ಫೈಲ್ ತಗೊಳ್ಳಿ, ನಿಮ್ಮ ಪೈಯ ಮೆಮರಿಗಿಂತ ದೊಡ್ಡದು. ಹತ್ತು ಸಲ ಗುರುತು ಹಾಕಿ. ನಡುವೆ ಕರ್ನಲ್ ಲಾಗ್ ತೆರೆದಿಡಿ. ಹತ್ತೂ ಒಂದೇ ಬಂದು ಲಾಗ್ ಶಾಂತವಾಗಿದ್ದರೆ ನಾನಾದರೂ ಹಾಗೇ ಬಿಡುತ್ತೇನೆ. ಬ್ಯಾಕಪ್ ಮಾತ್ರ ಬೇರೆ ಡಿಸ್ಕಿನಲ್ಲಿ. ಅದನ್ನು ಮಾಡುವುದು ಸೆಟ್ಟಿಂಗ್ ಬದಲಿಸುವ ಮುಂಚೆ. ಬದಲಿಸಿದ ಮೇಲೆ ಮಾಡಿದರೆ ಉಡಿಗೆ ಸಮಿತಿಯದ್ದೇ ಬ್ಯಾಕಪ್ ಸಿಗುತ್ತದೆ.

ಅಂದ ಹಾಗೆ, ಆ ಪುಸ್ತಿಕೆ ಎಲ್ಲಿಗೆ ಬಂತು? ಯಾರ ಕೈಯಲ್ಲಿದೆಯೋ ಹೋಗುವ ಮುಂಚೆ ವಾಪಸ್ ಕೊಟ್ಟುಬಿಡಿ. ನನ್ನ ಹತ್ತಿರ ಉಳಿದಿರುವುದು ಅದೊಂದೇ ಪ್ರತಿ.